ಜಯಕ್ಕನ ಪಾನಕ

ಆದವಾನಿ,
14 ನವೆಂಬರ್ 1938

ಪ್ರಿಯ ಸೋಮಶೇಖರಪ್ಪನಿಗೆ ಗುರುಪಾದಯ್ಯನ ಶರಣು.

ನೀನು ಮುಂಬಯಿಯಿಂದ ರೈಲಿಗೆ ಹಾಕಿದ ಸೇಬಿನ ಬುಟ್ಟಿ ತಲುಪಿ ಬಹಳ ದಿನವಾಯಿತು. ಬಂತು ಎಂದು ಒಂದು ಕಾರ್ಡು ಬರೆಯಲೂ ಆಗದೆ ಹೋಯಿತು, ಕ್ಷಮಿಸು. ಯಾರ ಜ್ವರಕ್ಕೆಂದು ಕಳಿಸಿದೆಯೋ ಆ ನಮ್ಮ ಮಗಳು ಜಯಕ್ಕ, ಬುಟ್ಟಿ ಸ್ಟೇಷನ್ನಿನಲ್ಲಿ ಇಳಿಯುವ ಮೊದಲೇ ಹೊರಟುಹೋದಳು. ಒಂಬತ್ತು ವರ್ಷದ ಹುಡುಗಿ. ಶಾಲೆಯಲ್ಲಿ ಹುಡುಗರಿಗೆ ಪತ್ರ ಬರೆಯುವುದನ್ನು ಕಲಿಸುವವನು ನಾನು; ‘ಇತ್ತ ಎಲ್ಲರೂ ಕ್ಷೇಮ’ ಎಂಬ ಮೊದಲ ಸಾಲಿನ ಹತ್ತಿರವೇ ಇಷ್ಟು ದಿನ ಕೂತಿದ್ದೆ.

ನಮ್ಮ ಊರಲ್ಲಿ ಸೇಬು ಎಂದರೆ ಹಣ್ಣಲ್ಲ, ಔಷಧ. ಡಾಕ್ಟರು ಹೇಳದೆ ಯಾರೂ ಕೊಳ್ಳುವುದಿಲ್ಲ. ಬುಟ್ಟಿ ಹೊತ್ತು ಓಣಿಗೆ ಬರುತ್ತಲೇ ಎದುರುಮನೆಯ ಪೀರಮ್ಮ ಬಾಯಿಗೆ ಸೆರಗು ಹಿಡಿದು, “ಅಯ್ಯೋರೆ, ಇನ್ಯಾರು ಮಲಗ್ಯಾರ?” ಎಂದಳು. ಆಮೇಲೆ ಒಬ್ಬೊಬ್ಬರಾಗಿ ಬಂದು ನನ್ನ ಮುಖ ನೋಡಿಹೋದರು. ನಾಡಿ ಹಿಡಿಯುವುದೊಂದು ಬಾಕಿ. ‘ಹಣ್ಣು ಬಂತು ರೈಲಿಗೆ, ಕಣ್ಣು ಬಂತು ಬಾಗಿಲಿಗೆ’ ಎಂದು ಪ್ರಾಸ ಕಟ್ಟಿದೆ. ಕೇಳಿ ತಪ್ಪು ಹುಡುಕುವ ಜಯಕ್ಕ ಇರಲಿಲ್ಲ.

ಜಜ್ಜಿಹೋದ ಹಣ್ಣುಗಳನ್ನು ನಮ್ಮಾಕೆ ಸುಭದ್ರೆ, ನಿನ್ನ ಮನೆಯಾಕೆ ತಂಗಿ ರಾಮಲಕ್ಷ್ಮಿ ಹೇಳಿಕಳಿಸಿದಂತೆಯೇ ತುರಿದು, ತುಪ್ಪದಲ್ಲಿ ಹುರಿದು ಹಲ್ವ ಮಾಡಿ ಓಣಿಯ ಮಕ್ಕಳಿಗೆ ಹಂಚಿದಳು. ಕೆಲವು ತಾಯಂದಿರು ರೋಗದ ಹಣ್ಣೆಂದು ಮಕ್ಕಳ ಕೈಯಿಂದ ಕಿತ್ತುಕೊಂಡರು. ಪೀರಮ್ಮ ಮಾತ್ರ ಮತ್ತೆ ಕೇಳಿ ಇಸಿದುಕೊಂಡು, ಇಂಥ ಔಷಧ ಸಿಗೋದಾದ್ರ ತನಗೂ ಒಂದು ಜ್ವರ ಬರ್ಲಿ ಎಂದಳಂತೆ.

ಗಟ್ಟಿ ಹಣ್ಣುಗಳನ್ನು ಸುಭದ್ರೆ ಹುಲ್ಲಿನಲ್ಲಿ ಮುಚ್ಚಿಟ್ಟಳು. ಜಯಕ್ಕ ಮಲಗಿದ್ದಲ್ಲೇ ನೀನು ಹಣ್ಣು ಕಳಿಸುವ ಸುದ್ದಿ ಕೇಳಿ, ಪಾನಕ ಮಾಡಿಕೊಡಬೇಕೆಂದು ಅವ್ವನಿಂದ ಮಾತು ತೆಗೆದುಕೊಂಡಿದ್ದಳು. ಆ ಮಾತು ಇನ್ನೂ ನಡೆಯುತ್ತಿದೆ. ದಿನಾ ಸಂಜೆ ಒಂದು ಹಣ್ಣು ಬೇಯಿಸಿ, ಹಿಸುಕಿ, ತೆಳು ಬಟ್ಟೆಯಲ್ಲಿ ಸೋಸಿ, ಕಲ್ಲುಸಕ್ಕರೆ, ಏಲಕ್ಕಿ ಹಾಕಿ, ಮಗಳ ಚಾಪೆಯ ಬದಿಗೆ ಲೋಟ ಇಡುತ್ತಾಳೆ. ಮೊದಲ ಸಲ ಇಟ್ಟದ್ದು ಬೆಳಿಗ್ಗೆ ಹಾಗೇ ಇತ್ತು. ಅಂದು ಸುಭದ್ರೆ ಸಂಜೆಯವರೆಗೂ ಒಲೆ ಹಚ್ಚದೆ ಲೋಟದ ಮುಂದೆ ಕೂತಿದ್ದಳು. ಸಂಜೆ ಮತ್ತೆ ಪಾನಕ ಮಾಡಿಟ್ಟಳು; ಮರುದಿನ ಬೆಳಿಗ್ಗೆ ಆಕೆ ಬಾವಿಗೆ ಹೋದಾಗ ನಾನೇ ಕುಡಿದುಬಿಟ್ಟೆ. ಬಂದು ನೋಡಿ, “ಏನ್ರಿ, ಆಕಿ ಬಂದು ಕುಡದು ಹೋಗ್ಯಾಳ” ಎಂದಳು. ಅವತ್ತು ರೊಟ್ಟಿ ತಟ್ಟಿದಳು, ತಾನೂ ತಿಂದಳು.

ಅಂದಿನಿಂದ ಇದೇ ನನ್ನ ಬೆಳಗಿನ ಪೂಜೆ. ಬಿ.ಎ. ಓದಿದವನು, ದೆವ್ವ ನಂಬುವವನಲ್ಲ. ಆದರೂ ಲೋಟ ಎತ್ತಿದಾಗ ಬೆನ್ನ ಹಿಂದೆ ಯಾರೋ ತಮ್ಮ ಸರದಿಗೆ ಕಾದು ನಿಂತಂತೆ ಅನ್ನಿಸುತ್ತದೆ. ಜಯಕ್ಕ ನಿಜವಾಗಿ ಬರುತ್ತಿದ್ದು, ನಾನು ಮೊದಲೇ ಬರಿದು ಮಾಡಿ ಬಾಯಾರಿದವಳನ್ನು ಹಿಂದಕ್ಕೆ ಕಳಿಸುತ್ತಿದ್ದರೆ? ಅದಕ್ಕೇ ಈಚೆಗೆ ತಳದಲ್ಲಿ ಒಂದು ಗುಟುಕು ಬಿಡುತ್ತೇನೆ. ಕೆಲವು ದಿನ ಆಮೇಲೆ ನೋಡಿದರೆ ಅದೂ ಇರುವುದಿಲ್ಲ. ಇರುವೆಗಳ ಕೆಲಸವಿರಬೇಕು. ಈ ಚಳಿಯಲ್ಲಿ ಮನೆಯೊಳಗೆ ಒಂದೂ ಇರುವೆ ಕಂಡದ್ದು ನೆನಪಿಲ್ಲ.

ಬುಟ್ಟಿಯಲ್ಲಿ ಇನ್ನು ಕೆಲವೇ ಹಣ್ಣು ಉಳಿದಿವೆ. ಮುಗಿದ ದಿನ ಸುಭದ್ರೆ ಮತ್ತೆ ಬರೀ ಲೋಟದ ಮುಂದೆ ಕೂತರೆ ಎಬ್ಬಿಸುವ ಶಕ್ತಿ ನನ್ನಲ್ಲಿಲ್ಲ. ಹೇಗಾದರೂ ಮಾಡಿ ಇನ್ನೊಂದು ಬುಟ್ಟಿ ಕಳಿಸು. ತಡ ಮಾಡಬೇಡ.

ತಂಗಿಗೂ ಮಕ್ಕಳಿಗೂ ನಮ್ಮಿಬ್ಬರ ಆಶೀರ್ವಾದ. ನಿಮ್ಮ ಮನೆಗೆ ಸೇಬು ಹಬ್ಬಕ್ಕೆ ಮಾತ್ರ ಬರಲಿ.

ನಿನ್ನ,
ಗುರುಪಾದಯ್ಯ

ಮರುದಿನ ಬೆಳಿಗ್ಗೆ, ಅಂಚೆಗೆ ಹಾಕುವ ಮುನ್ನ:

ಇವತ್ತಿನ ಪಾನಕಕ್ಕೆ ಒಣಶುಂಠಿ, ಮೆಣಸು ಬಿದ್ದಿತ್ತು. ಜಯಕ್ಕ ಶುಂಠಿಯ ವಾಸನೆಗೇ ಮುಖ ತಿರುಗಿಸುತ್ತಿದ್ದವಳು. ಹೆತ್ತವಳಿಗೆ ಅದು ಗೊತ್ತಿಲ್ಲದ್ದಲ್ಲ. ಮೂರು ದಿನದಿಂದ ಕೆಮ್ಮುತ್ತಿರುವವನು ನಾನು. ಲೋಟ ಕೆಳಗಿಡುವಷ್ಟರಲ್ಲಿ ಸುಭದ್ರೆ ಬಾವಿಯಿಂದ ಬಂದಳು. ಕೊಡ ಇಳಿಸುತ್ತ, ನನ್ನ ಕಡೆ ನೋಡದೆ, “ತಳದಾಗ ಬಿಡಬ್ಯಾಡ್ರಿ, ಪೂರ್ತಿ ಕುಡೀರಿ. ಎದಿ ಹಗುರ ಆಗ್ತೈತಿ” ಎಂದಳು.

ನಾನು ಕುಡಿಯುವುದು ಆಕೆಗೆ ಎಂದಿನಿಂದಲೋ ಗೊತ್ತಿತ್ತು. ಉಳಿದದ್ದನ್ನು ಆಕೆಯ ಎದುರೇ ಕುಡಿದೆ. ಬೆನ್ನ ಹಿಂದೆ ಯಾರೂ ನಿಂತಿರಲಿಲ್ಲ.

ಬುಟ್ಟಿ ಕಳಿಸಬೇಡ, ಸೋಮಶೇಖರ. ಮಗಳು ಬರುತ್ತಾಳೆಂದು ಈ ಮನೆಯಲ್ಲಿ ನಂಬಿದ್ದವನು ನಾನೊಬ್ಬನೇ.