ಹದಿನೇಳನೇ ಫೋಟೋದ ಹೆಂಗಸು

ತಮ್ಮ ಮಹಾಪಂಡಿತನೇ,

ನಾನು ಡ್ಯೂಟಿಗೆ ಹೊರಟೆ. ಊರಿನ ಹಳೇ ಫೋಟೋ ತಗೊಂಡು ಹೋಗೋಕೆ ಲೈಬ್ರರಿಯವರು ನಾಲ್ಕು ಗಂಟೆಗೆ ಬರ್ತಾರೆ. ಅಷ್ಟರೊಳಗೆ ಅವುಗಳ ಹಿಂದೆ ನೀನು ಪೆನ್ಸಿಲ್‌ನಲ್ಲಿ ಬರೆದಿಟ್ಟಿರೋ ಘನಕಾರ್ಯನೆಲ್ಲ ಅಳಿಸಿ ಸರಿಯಾಗಿ ಬರಿ. ರಬ್ಬರ್ ಟೇಬಲ್ ಮೇಲಿದೆ. ಬಾಲ್‌ಪೆನ್ ಮಾತ್ರ ಮುಟ್ಟಬೇಡ, ನೀನು ಪೆನ್ಸಿಲ್ ಒತ್ತಿ ಬರೆದಿದ್ದಕ್ಕೇ ಒಂದು ಫೋಟೋದಲ್ಲಿ ಡಾಕ್ಟರ ಕೆನ್ನೆ ಮೇಲೆ ಆಗಲೇ ಗೀರು ಬಿದ್ದಿದೆ.

ಮೂರನೇದು ಶಾಲೆಯಲ್ಲ, ಹಿಟ್ಟಿನ ಗಿರಣಿ. ಶಾಲೆಗೆ ಹೊಗೆಕೊಳವೆ ಯಾಕಪ್ಪ, ಮಕ್ಕಳನ್ನ ಬೇಯಿಸೋಕಾ?

ಇನ್ನು ಹದಿನೇಳನೇದು. ಮೇಷ್ಟ್ರ ನಾಯಿಯನ್ನ ಹೆಸರು ಸಮೇತ ಬರೆದಿದ್ದೀಯ, ಭೇಷ್! ಅದರ ಪಕ್ಕ ಕೊಡ ಹಿಡಿದು ನಿಂತವಳು ಮಾತ್ರ ‘ಯಾರೋ ಕೆಲಸದವಳು’ ಅಂತೆ. ಅದು ಅಮ್ಮ ಕಣೋ! ನೀನು ಹುಟ್ಟೋಕೆ ಮುಂಚಿನ ಫೋಟೋ, ಮುಖ ಗುರುತು ಸಿಗಲಿಲ್ಲ ಅಂದ್ರೆ ಹೋಗ್ಲಿ. ಕೇಳೋಕೆ ಬಾಯಿಗೇನಾಗಿತ್ತು? ನಾನು ಪಕ್ಕದ ರೂಮಲ್ಲೇ ಸತ್ತಿದ್ನಲ್ಲ.

ಮುಖ ಬಿಡು, ಅವಳ ಕಾಲು ನೋಡು. ಎಡಪಾದದ ಮೇಲೆ ಬಲಪಾದ ಏರಿಸಿಕೊಂಡು ನಿಂತಿದ್ದಾಳೆ.

ಈಗ ಈ ಚೀಟಿ ಓದ್ತಾ ನೀನು ಹೇಗೆ ನಿಂತಿದ್ದೀಯ, ಸ್ವಲ್ಪ ಕೆಳಗೆ ನೋಡ್ಕೋ.

ಅಕ್ಕ