ಬಾಳಮ್ಮ ಬಡಿದ ರೊಟ್ಟಿ

೧೯ ನವೆಂಬರ್ ೧೯೮೬, ಬುಧವಾರ, ಆಳಂದ

ನಾಳೆ ಕೋರ್ಟಿನಲ್ಲಿ ನನ್ನ ಸಾಕ್ಷಿ. ನಿದ್ದೆ ಬಿಟ್ಟು ಬರೆಯುತ್ತ ಕೂತಿದ್ದೇನೆ, ಆದರೆ ಅದಕ್ಕಲ್ಲ.

ನಾನು ಕೆಲಸ ಮಾಡುವ ಬೇಳೆ ಮಿಲ್ಲಿನಲ್ಲಿ ದಲಿತರಿಗೆ ಬೇರೆ ನೀರಿನ ಕೊಡ ಇಟ್ಟಿದ್ದನ್ನು ಬಯಲಿಗೆಳೆದು ತಾನೂ ದಲಿತನೇ ಆದ ಸೈದಪ್ಪ ಕೆಲಸ ಕಳೆದುಕೊಂಡ; ನಾಳೆಯದು ಅದೇ ಕೇಸು. ಅವನ ವಕೀಲರ ಫೀಸಿಗೆಂದು ಇವತ್ತು ಬಸ್ ಸ್ಟ್ಯಾಂಡಿನ ಎದುರು ರೊಟ್ಟಿ ಮಾರಲು ಕೂತೆವು. ಬಡಿದವಳು ಅವನ ಹೆಂಡತಿ ಬಾಳಮ್ಮ. ಮಧ್ಯಾಹ್ನದವರೆಗೂ ಒಂದೂ ಹೋಗಲಿಲ್ಲ. ಬಂದವರೆಲ್ಲ ಕೇಳುವುದು ಒಂದೇ.

"ಯಾರ ಮನಿ ರೊಟ್ಟಿರಿ ಇವು, ಗುರುಶಾಂತಮ್ಮೋರೆ?"

ಕಡೆಗೆ ಬಾಯಿಗೆ ಬಂದೇಬಿಟ್ಟಿತು: "ನಮ್ಮ ಮನಿವೇ ಅದಾವ, ಒಯ್ರಿ."

ಸಂಜೆಯೊಳಗೆ ಬುಟ್ಟಿ ಖಾಲಿ. ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಬಾಳಮ್ಮ ಮೆಲ್ಲಗೆ ಅಂದಳು: "ಅಕ್ಕೋರೇ, ನಾಳಿ ಕೋರ್ಟಿನ್ಯಾಗರ ಖರೇ ಹೇಳ್ತೀರಲ್ರಿ?"

ಹೇಳ್ತೇನಿ ಅಂದೆ. ಬುಟ್ಟಿ ಎತ್ತಿಕೊಡಲು ಕೈ ಚಾಚಿದೆ. ಅವಳು ಮುಟ್ಟಗೊಡಲಿಲ್ಲ.