ಹಿಂದೆ ಬರುವವರು

ಮರ್ಫಿ, ಐಡಹೊ
ಅಕ್ಟೋಬರ್ ೯

ಮುದ್ದು ಬ್ರೆನ್ನ,

ನಿನ್ನ ಅಮ್ಮ ಇನ್ನೂ ಗಟ್ಟಿಯಾಗಿದ್ದಾಳೆ, ಅವಳ ಮೊಂಡುತನವೂ ಗಟ್ಟಿಯಾಗಿಯೇ ಇದೆ. ನೀನು ಅಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಕ್ಷಮಿಸು. ಫೋನಿನಲ್ಲಿ ನಮ್ಮಿಬ್ಬರ ಮಾತು ಎರಡನೆಯ ವಾಕ್ಯಕ್ಕೇ ಜಗಳಕ್ಕೆ ತಿರುಗುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಚಳಿ ಶುರುವಾಗಿದೆ. ನೀನು ಕಟ್ಟಿಕೊಟ್ಟ ಬ್ಲ್ಯಾಕ್‌ಬೆರಿ ಜಾಮ್ ಮುಗಿಯಿತು. ಪಕ್ಕದ ಮನೆಯ ಆರ್ವಿಲ್ ನಿಮ್ಮಪ್ಪನ ಬೈಕ್ ಕೇಳಿಕೊಂಡು ಮತ್ತೆ ಬಂದಿದ್ದ. "ಗೇಲನ್ ಬೈಕ್ ಮಾರೋದಾದ್ರೆ ನಂಗೇ ಮೊದ್ಲು ಹೇಳ್ಬೇಕು ನೋಡು ವರ್ನಾ" ಎಂದ. "ಅದನ್ನ ಹತ್ತೋಕೆ ನಿಂಗೆ ಏಣಿ ಬೇಕಾಗುತ್ತೆ, ಮೊದ್ಲು ಏಣಿ ಮಾಡಿಸ್ಕೊ" ಎಂದೆ. ನಗುತ್ತಾ ಹೋದ. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

"ಎರಡು ಚಕ್ರ ಅಂದ್ರೆ ಎರಡು ಚಕ್ರ ಅಮ್ಮ. ಮಣ್ಣಾದ್ರೇನು, ಡಾಂಬರಾದ್ರೇನು? ಆ ಬೆಂಗಾಡಲ್ಲಿ ಒಬ್ಬಳೇ ಅಲೆಯೋದು ಬಿಡು. ಅಪ್ಪನ ಬೈಕ್ ಮಾರಿ ನನ್ನ ಜೊತೆ ರಸ್ತೇಲಿ ಬಾ" ಎಂದೆಯಲ್ಲ, ಅದಕ್ಕೆ ಉತ್ತರ ಹೇಳದೆ ಓಡಿಬಂದೆ. ನೀನು ಮುನಿಸಿಕೊಂಡದ್ದು ಸರಿಯೇ.

ನಾನು ಪ್ರಯತ್ನ ಪಟ್ಟೆ, ಅದನ್ನಾದರೂ ಒಪ್ಪಿಕೋ. ಓರೆಗಾನಿನ ಆ ಸಮುದ್ರದ ದಂಡೆಯ ರಸ್ತೆಯಲ್ಲಿ ನಿನ್ನ ಇನ್ನೊಂದು ಬೈಕ್ ಓಡಿಸುತ್ತಿದ್ದರೆ, ನನ್ನ ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ಇಡೀ ದಿನ ನಿನ್ನದೇ ಕೂಗು.

"ಅಮ್ಮ, ಕೂತ್ಕೋ! ಎದ್ದು ಯಾಕೆ ನಿಂತಿದೀಯ?"

"ಮುಂದೆ ಗುಂಡಿ ಇತ್ತಲ್ಲೇ."

"ಅದು ಗುಂಡಿ ಅಲ್ಲ, ಟಾರಿನ ತೇಪೆ! ಅಯ್ಯೋ, ತಿರುವಲ್ಲಿ ಕಾಲು ಹೊರಗೆ ಚಾಚ್ಬೇಡ, ಪಾದ ಕಿತ್ಕೊಂಡು ಹೋಗುತ್ತೆ!"

ಹಿಂದಿನ ಕಾರಿನ ಮಕ್ಕಳು ಕಿಟಕಿಯಿಂದ ನನಗೆ ಚಪ್ಪಾಳೆ ತಟ್ಟಿದವು.

ಏನು ಮಾಡಲಿ, ಮೈಗೆ ಹತ್ತಿದ ಪಾಠ ಅದು. ನಿನ್ನ ರಸ್ತೆಯಲ್ಲಿ ಗಾಡಿ ವಾಲಿದ ಕಡೆ ಮೈಯೂ ವಾಲಬೇಕು. ನಮ್ಮ ಮಣ್ಣಿನ ತಿರುವಿನಲ್ಲಿ ಗಾಡಿಯನ್ನು ಕೆಳಗೆ ತಳ್ಳಿ ನಾವು ನೆಟ್ಟಗೆ ಇರಬೇಕು. ನೀನು ಮುಂದಿನ ಬ್ರೇಕನ್ನು ದೇವರಂತೆ ನಂಬುತ್ತೀಯ. ಮರಳಿನಲ್ಲಿ ಅದನ್ನು ಅವುಚಿ ಹಿಡಿದರೆ ಮೂಗು ನೆಲಕ್ಕೇ. ಹ್ಯಾಂಡಲ್ ಅಲ್ಲಾಡಿದರೆ ನಿನ್ನ ಜೀವ ಬಾಯಿಗೆ ಬರುತ್ತದೆ. ನಾವು ಹಿಡಿತ ಸಡಿಲಿಸಿ, ಅಲ್ಲಾಡಲಿ ಎಂದು ಬಿಡುತ್ತೇವೆ. ನನಗೆ ಕಲಿಸುವಾಗ ನಿಮ್ಮಪ್ಪ ಹಿಂದಿನಿಂದ ಕಿರುಚುತ್ತಿದ್ದರು: "ಹೆದ್ರಿಕೆ ಆಯ್ತಾ? ಹಂಗಾದ್ರೆ ಇನ್ನಷ್ಟು ರೇಸ್ ಕೊಡು! ನಿಧಾನ ಮಾಡಿದ್ರೆ ಮರಳು ನುಂಗಿಬಿಡುತ್ತೆ!" ಮದುವೆಯಾದ ಹೊಸತರಲ್ಲಿ ಇದು ನನಗೆ ಹುಚ್ಚುತನವೆನಿಸಿತ್ತು. ಆಮೇಲೆ ನಾನೇ ಊರಿನ ಹುಡುಗಿಯರಿಗೆಲ್ಲ ಅದನ್ನೇ ಹೇಳಿಕೊಟ್ಟೆ.

ಮತ್ತೊಂದು ಏನೆಂದರೆ, ನಾವು ಬೀಳುತ್ತಲೇ ಇರುತ್ತೇವೆ. ಬೀಳುವುದು, ಧೂಳು ಕೊಡವುವುದು, ಒಬ್ಬರನ್ನೊಬ್ಬರು ನೋಡಿ ನಗುವುದು. ನೀವು ರಸ್ತೆಯವರು ಬೀಳಲೇಬಾರದು ಎಂದುಕೊಂಡು ಓಡಿಸುತ್ತೀರಿ, ಓಡಿಸಬೇಕಾದದ್ದೂ ಹಾಗೆಯೇ. ನಿಮ್ಮಪ್ಪ ಬೈಕಿನಿಂದ ಎಷ್ಟು ಸಲ ಬಿದ್ದು ಎದ್ದರೋ ಲೆಕ್ಕವಿಟ್ಟವರಿಲ್ಲ. ಮಾರ್ಚಿನಲ್ಲಿ ಅಡುಗೆಮನೆಯ ಕುರ್ಚಿಯಿಂದ ಬಿದ್ದವರು ಮಾತ್ರ ಏಳಲಿಲ್ಲ. ಅದು ನನಗೆ ಇನ್ನೂ ಅನ್ಯಾಯವೆಂದೇ ಅನಿಸುತ್ತದೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ, ಕೈಗೆ ಸಿಕ್ಕಿದ ನಿನ್ನ ಮೇಲೆ ಮಾಡಿದೆ.

ಎರಡನೆಯ ದಿನದ ಮಾತಿಗೆ ಬರುತ್ತೇನೆ. ದೀಪಸ್ತಂಭದ ಕಡೆಗೆ ರಸ್ತೆ ಕವಲೊಡೆಯುವಲ್ಲಿ ನೀನು ತಿರುಗಿ ಮುಂದೆ ಹೋದೆ. ನಾನು ಕವಲಿನಲ್ಲೇ ನಿಂತುಬಿಟ್ಟೆ. ಕಾಡುದಾರಿಯಲ್ಲಿ ನಾವು ಕವಲು ಬಂದಲ್ಲೆಲ್ಲ ನಿಲ್ಲುತ್ತೇವೆ. ಹಿಂದಿನವರು ಬಂದು, ನಾವು ಯಾವ ಕಡೆ ತಿರುಗಿದೆವೆಂದು ಕಣ್ಣಾರೆ ಕಂಡ ಮೇಲೆಯೇ ಮುಂದಕ್ಕೆ. ಹಾಗೆ ಮಾಡಿದರೆ ಯಾರೂ ಕಳೆದುಹೋಗುವುದಿಲ್ಲ. ಕಾರುಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ನೀನು ಗಾಬರಿಯಾಗಿ ವಾಪಸು ಬಂದೆ.

"ಗಾಡಿ ಕೆಟ್ಟಿತಾ ಅಮ್ಮ?"

"ಇಲ್ಲ."

"ಮತ್ತೆ ಯಾರಿಗೆ ಕಾಯ್ತಿದೀಯ? ಇರೋದು ನಾವಿಬ್ರೇ ಅಲ್ವಾ?"

ನೀನು ಸಹಜವಾಗಿಯೇ ಕೇಳಿದೆ. ನಾನು ಕೀಲಿಕೈಯನ್ನು ನಿನ್ನ ಕೈಗೆ ತುರುಕಿ, "ನಿನ್ನ ರಸ್ತೆ ನಿನಗೇ ಇರ್ಲಿ" ಎಂದು ಬಸ್ಸು ಹತ್ತಿದೆ. ಹೆತ್ತ ಮಗಳನ್ನು ರಸ್ತೆಬದಿಯಲ್ಲಿ ಎರಡು ಬೈಕುಗಳ ಜೊತೆ ಬಿಟ್ಟುಬಂದವಳು ನಾನು. ಕ್ಷಮಿಸು ಮಗಳೇ.

ಇನ್ನು ಉತ್ತರ. ಬೈಕ್ ಮಾರುವುದಿಲ್ಲ. ಮಣ್ಣಿನ ದಾರಿಯನ್ನೂ ಬಿಡುವುದಿಲ್ಲ. ಒಬ್ಬಳೇ ಹೋಗಿಬರುವುದು ನನಗೆ ರೂಢಿಯಾಗಿದೆ, ಚೆನ್ನಾಗಿದ್ದೇನೆ. ನೀನು ಚಿಂತೆ ಹಚ್ಚಿಕೊಳ್ಳಬೇಡ.

ನೀನು ಹೋಗುವ ರಸ್ತೆ ಒಣಗಿರಲಿ. ಅಡ್ಡ ತಿರುಗುವ ಪ್ರತಿ ಕಾರಿನವರ ಕಣ್ಣಿಗೂ ನೀನು ಬೀಳುವಂತಾಗಲಿ. ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೋ, ಫ್ಯಾಷನ್ ಆಮೇಲೆ.

ಸದಾ ನಿನ್ನವಳೇ ಆದ,
ಅಮ್ಮ

ತಾ.ಕ.: ಚೆನ್ನಾಗಿದ್ದೇನೆ ಎಂದು ಬರೆದದ್ದು ಸುಳ್ಳು. ಹರಿದು ಹಾಕಿ ಹೊಸದಾಗಿ ಬರೆಯುವ ಶಕ್ತಿಯಿಲ್ಲ, ಇಲ್ಲೇ ಹೇಳಿಬಿಡುತ್ತೇನೆ.

ರಸ್ತೆಯಲ್ಲಿ ಎದುರು ಸಿಕ್ಕವರಿಗೆ ನೀವು ಕೈ ಇಳಿಬಿಟ್ಟು ನಮಸ್ಕಾರ ಹೇಳುತ್ತೀರಿ. ನಮ್ಮದು ಒಂದೇ ಗಾಡಿ ಹಿಡಿಯುವ ದಾರಿ, ಕುರುಡು ತಿರುವುಗಳು. ಎದುರು ಯಾರಾದರೂ ಬಂದರೆ, ನಮ್ಮ ಹಿಂದೆ ಎಷ್ಟು ಜನ ಇದ್ದಾರೋ ಅಷ್ಟು ಬೆರಳು ಎತ್ತಿ ತೋರಿಸುತ್ತೇವೆ. ಕೊನೆಯವರು, ಇಲ್ಲವೇ ಒಬ್ಬರೇ ಬರುವವರು, ಮುಷ್ಟಿ ಎತ್ತುತ್ತಾರೆ, ಇನ್ನು ಯಾರೂ ಇಲ್ಲ ಎಂದು. ನಿಮ್ಮಪ್ಪ ಯಾವಾಗಲೂ ನನ್ನ ಹಿಂದೆಯೇ ಬರುತ್ತಿದ್ದುದರಿಂದ ನಾನು ಜೀವಮಾನವಿಡೀ ಎತ್ತಿದ್ದು ಒಂದೇ ಬೆರಳು.

ಹೋದ ಭಾನುವಾರ ಒಣಹಳ್ಳದ ದಾರಿಯಲ್ಲಿ ಮೂವರು ಎದುರಾದರು. ನನ್ನ ಬೆರಳು ತಾನಾಗಿ ಮೇಲೆದ್ದಿತು. ಅವರು ಅಂಚಿಗೆ ಸರಿದು ಇಂಜಿನ್ ಆರಿಸಿದರು. ಮುಂದಿದ್ದ ಗಡ್ಡದವನು, "ಅವರೂ ಬಂದ್ಬಿಡ್ಲಿ ಅಕ್ಕ, ಆಮೇಲೆ ಹೊರಡ್ತೀವಿ" ಎಂದ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ ಬ್ರೆನ್ನ. ನಾನೂ ಇಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ತಿರುವಿನ ಕಡೆ ನೋಡುತ್ತಾ ನಿಂತೆ.

"ನಿಧಾನಾನಾ ಅವ್ರು?"

"ಯಾವಾಗ್ಲೂ ನಿಧಾನಾನೇ. ಗಿಡುಗ ಕಂಡ್ರೆ ಗಾಡಿ ನಿಲ್ಲಿಸ್ಕೊಂಡು ನಿಂತ್ಬಿಡ್ತಾರೆ" ಎಂದೆ.

ಅಷ್ಟು ಹೊತ್ತು ನಿಮ್ಮಪ್ಪ ಬರುತ್ತಿದ್ದರು. ನಾಲ್ಕು ಜನ ಅವರಿಗಾಗಿ ಕಾಯುತ್ತಿದ್ದೆವು. ನಾನು ನಿಜವಾಗಿಯೂ ಕಿವಿಗೊಟ್ಟು ಕೇಳುತ್ತಿದ್ದೆ. ಆಮೇಲೆ ಗಡ್ಡದವನು, "ಎಲ್ಲೋ ಬಿದ್ದಿರ್ಬೇಕು, ಹೋಗಿ ನೋಡ್ತೀವಿ" ಎಂದು ಗಾಡಿ ಸ್ಟಾರ್ಟ್ ಮಾಡಿದ. ಆಗ ಹೇಳಲೇಬೇಕಾಯಿತು: "ಹೋಗ್ಬೇಡಿ. ಹಿಂದೆ ಯಾರೂ ಇಲ್ಲ. ಅವ್ರು ತೀರ್ಕೊಂಡ್ರು." ಸಾವಿನ ಸುದ್ದಿಯನ್ನು ಊರಿಗೆಲ್ಲ ಹೇಳಿದವಳು ನೀನು. ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಅವರು ನನ್ನನ್ನು ನಡುವೆ ಹಾಕಿಕೊಂಡು, ನಾನು ಬೈಕ್ ಹೇರಿಕೊಂಡು ಬಂದಿದ್ದ ಟ್ರಕ್ಕಿನವರೆಗೆ ಬಿಟ್ಟುಹೋದರು. ಅವತ್ತಿನಿಂದ ಬೈಕಿನ ಶೆಡ್ಡಿನ ಬಾಗಿಲು ತೆಗೆದಿಲ್ಲ. ಒಬ್ಬಳೇ ಹೋಗಬೇಡ ಎಂದೆಯಲ್ಲ, ಗೆದ್ದೆ ಕಣೇ, ಹೋಗುವುದಿಲ್ಲ. ಮುಷ್ಟಿ ಎತ್ತಲು ನನ್ನಿಂದ ಆಗುವುದಿಲ್ಲ.